ಪರದೆ ಕಟ್ಟಿದ ಟ್ಯಾಂಕು

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಗಳಿಗೆ ಜಾಗ ಜಾಸ್ತಿ. ಪಡಸಾಲೆಯ ಮುಕ್ಕಾಲು ಪಾಲನ್ನು ಎರಡು ಗುಂಡಿ ಮಗ್ಗಗಳು ಹಿಡಿದಿದ್ದವು. ಉಳಿದ ಕಾಲು ಪಾಲಿನಲ್ಲಿ ನಾಯ್ನ, ಅಮ್ಮ, ಅವ್ವ, ಅಕ್ಕ ಶಾರದ ಮತ್ತು ನಾನು. ಮನೆಮಾತು ತೆಲುಗು, ಆದ್ದರಿಂದ ಅಪ್ಪ ನಮಗೆ ನಾಯ್ನ, ಅಪ್ಪನ ತಾಯಿ ಅವ್ವ. ಆಗ ಆಡಿದ ಮಾತುಗಳನ್ನೆಲ್ಲ ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ. ನಮ್ಮ ತೆಲುಗೂ ಅರ್ಧ ಕನ್ನಡವೇ ಆಗಿತ್ತು ಬಿಡಿ. ಊಟಕ್ಕೆ ಕೂತರೆ ಒಬ್ಬರ ಮೊಣಕಾಲು ಇನ್ನೊಬ್ಬರ ತಟ್ಟೆಗೆ ತಾಗುತ್ತಿತ್ತು. ಸಿಟ್ಟು ಮಾಡಿಕೊಂಡು ಎದ್ದು ಹೋಗೋಣ ಎಂದರೆ ಹೋಗಲು ಇನ್ನೊಂದು ಕೋಣೆ ಇರಲಿಲ್ಲ. ಅದಕ್ಕೇ ನಮ್ಮ ಮನೆಯ ಜಗಳಗಳು ಮುದ್ದೆ ಮುರಿಯುವಾಗ ಹುಟ್ಟಿ ಮಜ್ಜಿಗೆ ಬರುವ ಹೊತ್ತಿಗೆ ತಣ್ಣಗಾಗುತ್ತಿದ್ದವು. ನನ್ನದು ಮಾತ್ರ ಹಾಗಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಂತೆಂದರೆ ಮಗ್ಗದ ಗುಂಡಿಗೆ ಇಳಿದು ಕೂತುಬಿಡುತ್ತಿದ್ದೆ. ನಾಯ್ನ ನೇಯಲು ಬಂದು ಕಾಲು ಇಳಿಬಿಟ್ಟಾಗ ಪಾದ ನನ್ನ ತಲೆಗೆ ತಾಗಿ, "ಯಾರೇ ಅದು?" ಎಂದು ಕೇಳಿದ ಮೇಲೇ ಮೇಲೆ ಬರುತ್ತಿದ್ದದ್ದು.

ಈ ಇಕ್ಕಟ್ಟಿಗೆ ಅಮ್ಮನ ತಮ್ಮ ಓಬಳೇಶ ಮಾಮ ಬಂದು ಸೇರಿಕೊಂಡ. ಮಿಲಿಟರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದವನು. ಎಡಗಿವಿ ಕೇಳದಂತಾಗಿ ಮನೆಗೆ ಕಳಿಸಿದ್ದರು. ಹಸಿರು ಬಣ್ಣದ ಟ್ರಂಕು ಹೊತ್ತುಕೊಂಡು ಬಂದವನು ಅದನ್ನು ಎಲ್ಲಿಡುವುದೆಂದು ತಿಳಿಯದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಕೊನೆಗೆ ಅದು ಎರಡು ಮಗ್ಗಗಳ ನಡುವೆ ಕೂತಿತು, ಅದರ ಮೇಲೆ ಮಾಮ ಕೂತ. ಅವನಿಗೆ ಮಾಡಲು ಕೆಲಸವಿರಲಿಲ್ಲ, ನನಗೆ ಶಾಲೆಗೆ ಬೇಸಿಗೆ ರಜೆ. ಇಬ್ಬರೂ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಎಲ್ಲರ ದಾರಿಗೂ ಅಡ್ಡವಾಗಿ ಕೂತಿರುತ್ತಿದ್ದೆವು. ಅವನ ಬಲಗಡೆಗೇ ಕೂತುಕೊಳ್ಳಬೇಕು, ಅದು ನನಗೆ ಎರಡೇ ದಿನದಲ್ಲಿ ಅಭ್ಯಾಸವಾಯಿತು.

"ಮಾಮ, ಟ್ಯಾಂಕಲ್ಲಿ ಕಿಟಕಿ ಇರ್ತಾವಾ?"

"ಕಿಟಕಿ ಎಲ್ಲಿಂದ ಬರ್ಬೇಕೇ? ಒಂದು ಸಂದಿ ಇರ್ತೈತೆ. ಅದ್ರಾಗೇ ನೋಡ್ಕಂಡು ಓಡಿಸ್ಬೇಕು."

"ಮತ್ತೆ ಗಾಳಿ?"

"ಗಾಳಿ ಬೇಕಂದ್ರೆ ಕಾರು ಹತ್ಬೇಕು."

"ಹಂಗಾರೆ ಕಾರಿಗೇ ಫಿರಂಗಿ ಇಡು ಮಾಮ!"

ಮಾಮ ನಕ್ಕ. ನಗುತ್ತಲೇ ಎದ್ದು ಹೋಗಿ ಬಸ್‌ಸ್ಟ್ಯಾಂಡಿನ ಬಳಿ ನಿಲ್ಲುತ್ತಿದ್ದ ಅಂಬಾಸಿಡರ್ ಕಾರನ್ನು ನಾಯ್ನನ ಟೇಪಿನಿಂದ ಉದ್ದಗಲ ಅಳೆದುಕೊಂಡು ಬಂದ. ಡ್ರೈವರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಡಿಗೆ ಅರ್ಧ ಇಂಚು, ಅದು ಮಾಮನ ಲೆಕ್ಕ. ಹದಿನಾಲ್ಕು ಅಡಿಯ ಕಾರು ಏಳು ಇಂಚು. ಟ್ಯಾಂಕಿನ ಅಳತೆಯಂತೂ ಅವನಿಗೆ ಬಾಯಿಪಾಠ. "ಸುಳ್ಳು ಗಾಡಿ ಆದ್ರೂ ಅಳತೆ ಸುಳ್ಳಾಗಬಾರ್ದು" ಅನ್ನುತ್ತಿದ್ದ. ಮೈದಾ ಗಂಜಿಯಲ್ಲಿ ಅಂಟಿಸಿದ ರಟ್ಟಿನ ಮೈ, ಹಲ್ಲುಪುಡಿ ಡಬ್ಬಿಯ ಮುಚ್ಚಳದ ಗೋಪುರ, ಲಾಳಿಯಲ್ಲಿ ನೂಲು ಸುತ್ತಿ ಇಡುವ ಕಂಡಿಕೆಯೇ ಫಿರಂಗಿ, ಸೋಡಾ ಬಾಟಲಿಯ ಮುಚ್ಚಳಗಳೇ ಚಕ್ರ. ರೇಷ್ಮೆಗೆ ಹಾಕಿ ಉಳಿದ ಬಣ್ಣವನ್ನೇ ಬಳಿದದ್ದರಿಂದ ನಮ್ಮ ಮೊದಲ ಟ್ಯಾಂಕು ಅರಿಶಿನದ ಬಣ್ಣದ್ದಾಯಿತು. ಅಂಬಾಸಿಡರ್ ಅಂದ ಮೇಲೆ ಕಿಟಕಿಗೆ ಪರದೆ ಬೇಡವೇ? ಜರಿಯ ಚೂರುಗಳಲ್ಲಿ ಪರದೆ ಕಟ್ಟಿದೆ. ಫಿರಂಗಿಯ ತುದಿಗೆ ಒಂದು ಕುಚ್ಚನ್ನೂ ಕಟ್ಟಿದೆ. "ಯುದ್ಧಕ್ಕೆ ಹೋಗೋರಿಗೂ ಬಿಸಿಲು ಬಡೀತೈತೆ, ಪರದೆ ಇರ್ಲಿ," ಎಂದು ಮಾಮ ಗಂಭೀರವಾಗಿ ಒಪ್ಪಿದ. ಆಮೇಲೆ ಫಿಯೆಟ್ ಟ್ಯಾಂಕು ಬಂತು, ಗುಂಡು ಬೆನ್ನಿನ ಹಳೇ ಕಾರೊಂದಕ್ಕೆ ಎರಡು ಫಿರಂಗಿ ಬಂದವು. ಮಗ್ಗದ ಕಂಬಗಳ ಅಡ್ಡಪಟ್ಟಿಯ ಮೇಲೆ ಸಾಲಾಗಿ ನಿಂತ ಅವು ನಾಯ್ನ ಎಳೆ ಬಿಗಿಯಲು ಹಲಗೆ ಬಡಿದಾಗಲೆಲ್ಲ ಒಂದೊಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತಿದ್ದವು.

ರಟ್ಟು ಎಲ್ಲಿಂದ ಬರುತ್ತಿತ್ತೆಂದು ಹೇಳಬೇಕು, ಕತೆ ಇರುವುದೇ ಅಲ್ಲಿ. ಸೀರೆಯ ಅಂಚಿನಲ್ಲಿ ಬಳ್ಳಿಯೋ ಹಕ್ಕಿಯೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಸುತ್ತುತ್ತಿರಬೇಕು. ಒಂದೊಂದು ಕಾರ್ಡು ಒಂದಡಿ ಉದ್ದ, ಮೂರು ಬೆರಳು ಅಗಲ. ತೂತಿದ್ದ ಕಡೆ ಜರಿ ಕಾಣುತ್ತದೆ, ಇಲ್ಲದ ಕಡೆ ಕಾಣುವುದಿಲ್ಲ. ಅಷ್ಟೇ ಅದರ ಗುಟ್ಟು. ದಾರದಲ್ಲಿ ಹೆಣೆದ ಆ ಸರ ಸುತ್ತುವುದನ್ನು ಕಂಡ ಮೊದಲ ದಿನವೇ ಮಾಮ, "ಅಯ್ಯೋ, ಇದು ನಮ್ಮ ಟ್ಯಾಂಕಿನ ಪಟ್ಟಿನೇ ಅಲ್ವೇನೇ!" ಎಂದು ಕೂಗಿದ್ದ. ಒಂದು ವಿನ್ಯಾಸದ ಕೆಲಸ ಮುಗಿದು, ಕಾರ್ಡುಗಳು ಸವೆದರೆ ನಾಯ್ನ ಅವುಗಳ ದಾರ ಕತ್ತರಿಸಿ ಅಟ್ಟದ ಮೇಲೆ ಎಸೆಯುತ್ತಿದ್ದ. ದಾರ ಇದ್ದರೆ ಅದು ಜೀವ ಇರುವ ಸರ, ಮುಟ್ಟುವ ಹಾಗಿಲ್ಲ. ದಾರ ಇಲ್ಲದಿದ್ದರೆ ರದ್ದಿ, ಬೇಕಾದರೆ ಒಲೆಗೂ ಹಾಕಬಹುದು. ನೇಕಾರರ ಮನೆಯ ಮಕ್ಕಳಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ನಮ್ಮ ಗಾಡಿಗಳೆಲ್ಲ ದಾರ ಕತ್ತರಿಸಿದ ಕಾರ್ಡಿನವು.

ನಾಯ್ನನಿಗೆ ಈ ಗಾಡಿಗಳನ್ನು ಕಂಡರೆ ಆಗುತ್ತಿರಲಿಲ್ಲ. ನೇರವಾಗಿ ಬೈಯುವ ಮನುಷ್ಯನಲ್ಲ ಅವನು. ತಟ್ಟೆ ನೋಡಿಕೊಂಡು ತಟ್ಟೆಗೇ ಹೇಳುತ್ತಿದ್ದ.

"ಮೂವತ್ತು ವರ್ಷದ ಗಂಡಸು, ಗೊಂಬೆ ಮಾಡ್ಕಂಡು ಕುಂತಾನೆ."

"ಬಾವ, ನಂಗೆ ಒಂದೇ ಕಿವಿ ಕೇಳಲ್ಲ. ಇನ್ನೊಂದು ಕೇಳ್ತೈತೆ," ಎನ್ನುತ್ತಿದ್ದ ಮಾಮ.

"ಕೇಳ್ಲಿ ಅಂತಾನೇ ಹೇಳಿದ್ದು."

ಅಮ್ಮ ಇಬ್ಬರ ತಟ್ಟೆಗೂ ಕೇಳದೆಯೇ ಇನ್ನೊಂದು ಸೌಟು ಹುರುಳಿ ಸಾರು ಸುರಿದುಬಿಡುತ್ತಿದ್ದಳು. ಬಾಯಿ ತುಂಬಿದರೆ ಮಾತು ನಿಲ್ಲುತ್ತದೆಂಬುದು ಅವಳ ಉಪಾಯ. ಎರಡನೇ ವರ್ಷ ಮಾಮನಿಗೆ ಚಳ್ಳಕೆರೆಯಲ್ಲಿ ಟ್ಯಾಕ್ಸಿ ಓಡಿಸುವ ಕೆಲಸ ಸಿಕ್ಕಿತು, ಅದೂ ಅಂಬಾಸಿಡರೇ. ಅವನು ಹೊರಡುತ್ತಾನೆಂದು ನಾನು ಗುಂಡಿಗಿಳಿದು ಒಂದು ಗಂಟೆ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, ಅವನಿಗೆ ನಾನೊಬ್ಬಳೇ ಒಂದು ಗಾಡಿ ಮಾಡಿಕೊಡಬೇಕೆಂದು ನಿಶ್ಚಯಿಸಿದೆ. ಪೇಪರಿನಲ್ಲಿ ಬಂದಿದ್ದ ಹಳೇ ಕಾಲದ ರಾಜರ ಕಾರಿನ ಚಿತ್ರ ನನ್ನ ಬಳಿ ಇತ್ತು: ಉದ್ದ ಮೂತಿ, ಪಕ್ಕದಲ್ಲಿ ನೇತುಹಾಕಿದ ಚಕ್ರ, ಒಂದೊಂದು ಬದಿಗೂ ಎರಡೆರಡು ದೊಡ್ಡ ಕಿಟಕಿ. ಅಟ್ಟ ಹತ್ತಿದೆ. ಮೂಲೆಯಲ್ಲಿ ಒಂದು ಕಟ್ಟು ಕಂಡಿತು. ದಪ್ಪ, ಗಟ್ಟಿ, ಹಳೇ ಕಾಲದ ರಟ್ಟು. ದಾರ ಇರಲಿಲ್ಲ. ನಡುವಿನಿಂದ ಒಂದು ಹಿಡಿ ಎಳೆದುಕೊಂಡೆ. ಹನ್ನೊಂದು ಬಂದವು. ಮೂರು ದಿನ ಕೂತು ಹತ್ತಿಂಚಿನ ಕಾರು ಕಟ್ಟಿದೆ. ಬದಿಗಳಿಗೆ ಕಾರ್ಡನ್ನು ಜೋಡಿಜೋಡಿಯಾಗಿ ಅಂಟಿಸಿ ಕಿಟಕಿ ಕೊರೆದೆ, ಚಕ್ರಗಳ ಬದಲು ರಟ್ಟಿನ ಸಣ್ಣ ಪಟ್ಟಿಗಳನ್ನು ದಾರದಲ್ಲಿ ಹೆಣೆದು ನಿಜವಾಗಿ ಸುತ್ತುವ ಟ್ಯಾಂಕಿನ ಪಟ್ಟಿ ಹಾಕಿದೆ. ಕೊರೆದ ಚೂರುಗಳನ್ನು ನೀರೊಲೆಗೆ ಹಾಕಿದೆ. ಮಾಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಚೆಂದದ್ದು ನಂಗೂ ಬರಲ್ಲ ಕಣೇ," ಅಂದ. ಆವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ವರ್ಷ ಅಕ್ಕನ ಮದುವೆ ಗೊತ್ತಾಯಿತು. ನಾಯ್ನ ಬೇರೆ ಮಾತಿಗೆ ಮೊದಲೇ ಒಂದು ವಿಷಯ ಹೇಳಿಬಿಟ್ಟ: ಶಾರದಳ ಧಾರೆ ಸೀರೆಗೆ ತಾತನ ಗಿಳಿ ಅಂಚು. ತಾತ, ಅಂದರೆ ನಾಯ್ನನ ಅಪ್ಪ, ತನ್ನ ಕೈಯಾರೆ ತೂತು ಹೊಡೆದು ಮಾಡಿದ್ದ ಅಂಚು ಅದು. ಒಂದು ಕಾಲಕ್ಕೆ ಊರೂರಿಗೆ ಹೋಗಿತ್ತಂತೆ. ಆಮೇಲೆ ಕೇಳುವವರಿಲ್ಲದೆ ನಿಂತುಹೋಯಿತು. ತಾತ ಬರೆದಿಟ್ಟಿದ್ದ ನಕ್ಷೆಯನ್ನು ಗೆದ್ದಲು ತಿಂದಿತ್ತು. ನೇಯ್ದ ಸೀರೆಗಳೆಲ್ಲ ಮಾರಿಹೋಗಿದ್ದವು. ಗಿಳಿ ಅಂಚಿನ ಒಂದು ಸೀರೆಯನ್ನೂ ನಮ್ಮ ಮನೆಯ ಹೆಂಗಸರು ಉಟ್ಟವರಲ್ಲ. ಅವ್ವನಿಗೆ ಅದೊಂದು ಕೊರಗು. ಆ ಗಿಳಿ ಉಳಿದಿದ್ದದ್ದು ಅಟ್ಟದ ಮೂಲೆಯ ಕಾರ್ಡುಗಳಲ್ಲಿ ಮಾತ್ರ. ನಾಯ್ನ ಕಟ್ಟನ್ನು ಇಳಿಸಿದ. ನಾನು ಒಂದು ಹಿಡಿ ಎಳೆದುಕೊಂಡಿದ್ದ ಅದೇ ದಪ್ಪ ರಟ್ಟಿನ ಕಟ್ಟು.

"ಥೂ, ಇಲಿ ದಾರ ಎಲ್ಲಾ ತಿಂದುಬಿಟ್ಟೈತೆ," ಎಂದು ನಾಯ್ನ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸತೊಡಗಿದ. ಕಾರ್ಡಿನ ತುದಿಯಲ್ಲಿ ತಾತನ ಕೈಬರಹದ ಅಂಕಿಗಳಿದ್ದವು. ಮೂವತ್ತರ ಪಕ್ಕ ನಲವತ್ತೆರಡು ಬಂತು. ಗಿಳಿಯ ತಲೆ ಮತ್ತು ಕತ್ತು ಇರಬೇಕಾದ ಜಾಗ ಅದು. ನಾಯ್ನ ಮತ್ತೊಮ್ಮೆ ಎಣಿಸಿದ. ಅಟ್ಟ ಗುಡಿಸಿದ, ಟ್ರಂಕುಗಳ ಹಿಂದೆ ಹುಡುಕಿದ, ಇಲಿಯ ಬಿಲಕ್ಕೆ ಕೈ ಹಾಕಿದ. ಇಲಿಯೇ ಎಳೆದುಕೊಂಡು ಹೋಗಿದೆ ಎಂದು ಅವ್ವ ತೀರ್ಮಾನಿಸಿದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ದಾರ ತಿಂದದ್ದು ಇಲಿ ತಾನೇ, ದಾರ ಇದ್ದಿದ್ದರೆ ನಾನು ಮುಟ್ಟುತ್ತಿದ್ದೆನೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ನಾಯ್ನ ಎರಡು ದಿನ ಮಗ್ಗಕ್ಕೆ ಕೂರಲಿಲ್ಲ. ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತದ್ದನ್ನು ನಾನು ಸಾವಿನ ಸೂತಕದಲ್ಲಿ ಬಿಟ್ಟರೆ ಆಗಲೇ ಕೇಳಿದ್ದು. ಮೂರನೇ ದಿನ ಬೆಳಿಗ್ಗೆ ಬೋನಿಗೆ ಒಂದು ಇಲಿ ಬಿತ್ತು. ನಾಯ್ನ ಬಕೆಟ್ಟಿಗೆ ನೀರು ತುಂಬಿದ. ಬೋನಿನೊಳಗೆ ಆ ಇಲಿ ಮೀಸೆ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತಿತ್ತು. ನನ್ನ ಕೈಯಲ್ಲಿ ಆಗಲಿಲ್ಲ.

"ಅದನ್ನ ಬಿಡು ನಾಯ್ನಾ. ಕಾರ್ಡು ಕತ್ತರಿಸಿದ್ದು ನಾನು. ದಾರ ಇರ್ಲಿಲ್ಲ, ರದ್ದಿ ಅನ್ಕಂಡೆ."

ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ನಾಯ್ನ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಎಲ್ಲೈತೆ ಈಗ?"

"ಚಳ್ಳಕೆರೇಲಿ. ಮಾಮನ ಕಾರಿನಾಗೆ."

ಮೊದಲ ಬಸ್ಸಿಗೇ ಹೊರಟೆವು. ಹಾನಗಲ್ಲು, ಬಿ.ಜಿ.ಕೆರೆ, ತಳಕು ದಾಟಿದರೂ ನಾಯ್ನ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಳ್ಳಕೆರೆಯಲ್ಲಿ ಇಳಿದಾಗ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆ ಊರಿಡೀ ತುಂಬಿತ್ತು. ಟ್ಯಾಕ್ಸಿಗಳ ಸಾಲಿನಲ್ಲಿ ಮಾಮ ನಮ್ಮನ್ನು ಕಂಡು ಹಲ್ಲು ಬಿಟ್ಟುಕೊಂಡು ಬಂದ. ನಾನು ಎಲ್ಲವನ್ನೂ ಅವನ ಬಲಗಿವಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಸ್ಟೀರಿಂಗಿನ ಮುಂದೆ ದೇವರ ಫೋಟೋ ಪಕ್ಕದಲ್ಲಿ ಇಟ್ಟಿದ್ದ ನನ್ನ ಗಾಡಿಯನ್ನು ಎರಡು ಕೈಯಲ್ಲಿ ತಂದು ಟೀ ಅಂಗಡಿಯ ಬೆಂಚಿನ ಮೇಲೆ ಇಟ್ಟ. ನಮ್ಮ ಗಾಡಿಗಳಲ್ಲಿ ಒಂದನ್ನು ನಾಯ್ನ ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಪಟ್ಟಿಯನ್ನು ಬೆರಳಿನಿಂದ ಎರಡು ಸುತ್ತು ಸುತ್ತಿಸಿದ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಈ ಪಟ್ಟಿ ಹೆಣೆದಿದ್ದು ಯಾರು?"

"ನಾನೇ."

"ಗಂಟು ಹಾಕೋದು ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನೀನು ಹಾಕೋದು ನೋಡಿದ್ದೆ."

ನಾಯ್ನ ಗಾಡಿಯನ್ನು ಕೆಳಗಿಟ್ಟ. ಮಾಮ ತಡೆಯಲಾರದೆ, "ಒಡೀಲೇ ಬೇಕಾ ಬಾವ?" ಎಂದು ಕೇಳಿದ.

"ನಂಗೂ ಮನಸ್ಸಿಲ್ಲ ಕಣೋ. ಆದ್ರೆ ಇದ್ರೊಳಗೆ ನಮ್ಮಪ್ಪ ಅದಾನೆ."

ಯಾರೂ ಮುಟ್ಟಬೇಡಿ, ನಾನೇ ಬಿಚ್ಚುತ್ತೇನೆ ಅಂದೆ. ಟೀ ಅಂಗಡಿಯವರ ಕೆಟಲಿನ ಹಬೆಗೆ ಹಿಡಿದರೆ ಮೈದಾ ಗಂಜಿ ಮೆತ್ತಗಾಗುತ್ತಿತ್ತು. ಮೊದಲು ಗೋಪುರ ತೆಗೆದೆ, ಆಮೇಲೆ ಮೂತಿ, ತಳ, ಪಟ್ಟಿ. ಒಂದೊಂದು ಚೂರೂ ಯಾವ ಕಾರ್ಡಿನದು, ಅದರ ಪಕ್ಕ ಯಾವುದಿತ್ತು ಎಲ್ಲ ನನಗೆ ನೆನಪಿತ್ತು. ಹೇಳುತ್ತ ಹೋದೆ, ನಾಯ್ನ ಪೇಪರಿನ ಮೇಲೆ ಜೋಡಿಸುತ್ತ ಹೋದ. ಪರದೆ ಬಿಚ್ಚುವಾಗ ಮಾತ್ರ ನನಗೆ ಅಳು ಬಂತು. ಬೇರೆ ಡ್ರೈವರುಗಳು ಸುತ್ತ ನಿಂತು ನೋಡುತ್ತಿದ್ದರು. ನಾಚಿಕೆ ಬಿಟ್ಟು ಜೋರಾಗೇ ಅತ್ತೆ. ನಾಲ್ಕು ಕಾರ್ಡುಗಳ ನಡುವೆ ಮಾತ್ರ ಚೌಕವಾಗಿ ಖಾಲಿ ಉಳಿಯಿತು. ಅವು ಕಿಟಕಿಗಳು. ಆ ಚೂರುಗಳು ಎಂದೋ ನೀರೊಲೆಯಲ್ಲಿ ಬೂದಿಯಾಗಿದ್ದವು.

ಮನೆಗೆ ಬಂದು ನಾಯ್ನ ಹೊಸ ಕಾರ್ಡುಗಳಿಗೆ ತೂತು ಹೊಡೆಯತೊಡಗಿದ. ನಾನು ಪಕ್ಕದಲ್ಲಿ ಕೂತು ಹಳೇ ಚೂರು ನೋಡಿ, ಎಲ್ಲಿ ತೂತು, ಎಲ್ಲಿ ಇಲ್ಲ ಎಂದು ಓದಿ ಹೇಳುತ್ತಿದ್ದೆ. ಕೊಕ್ಕು ಬಂತು, ಕತ್ತು ಬಂತು. ಕಿಟಕಿಯ ಜಾಗದಲ್ಲಿ ತಲೆಯ ನಡುಭಾಗ ಇಲ್ಲ. ಸುತ್ತಲಿನ ತೂತು ನೋಡಿ ಬಹುಪಾಲು ತುಂಬಬಹುದಿತ್ತು. ತೊಡಕಾದದ್ದು ಕಣ್ಣು. ಜರಿಯ ನಡುವೆ ಒಂದು ಚುಕ್ಕೆಯಷ್ಟು ತೂತು ಹೊಡೆಯದೆ ಬಿಟ್ಟರೆ ಅದೇ ಕಣ್ಣು. ಆದರೆ ಎಲ್ಲಿ ಬಿಡಬೇಕು? ನಾಯ್ನ ಆ ಅಂಚನ್ನು ನೇಯ್ದದ್ದು ಹುಡುಗನಾಗಿದ್ದಾಗ. ನೇಯುವವನ ಕಡೆಗಿರುವುದು ಸೀರೆಯ ಬೆನ್ನು. ಎಳೆಗಳ ಗೋಜಲಿನಲ್ಲಿ ಅಷ್ಟು ಸಣ್ಣದು ಕಾಣುವುದಿಲ್ಲ. ಆ ದಿನ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ನಡೆದ ಜಗಳ ಮಜ್ಜಿಗೆಗೂ ತಣ್ಣಗಾಗಲಿಲ್ಲ.

"ಕೊಕ್ಕಿನ ಪಕ್ಕದಾಗೇ ಇತ್ತು. ನಾನು ನೋಡಿಲ್ವಾ?" ಎಂದಳು ಅವ್ವ.

"ನೆತ್ತಿ ಹತ್ರ ಇತ್ತಮ್ಮಾ," ಎಂದ ನಾಯ್ನ.

"ನಾನಂತೂ ನೋಡಿಲ್ಲ. ಆದ್ರೂ ನಡುವೆ ಇರ್ಬೇಕು," ಎಂದಳು ಅಮ್ಮ.

"ಉಡೋಳು ನಾನು. ಎಲ್ಲಾದ್ರೂ ಇಡ್ರಿ, ಮುಹೂರ್ತಕ್ಕೆ ಮುಂಚೆ ಇಡ್ರಿ," ಎಂದಳು ಅಕ್ಕ.

ನಾಯ್ನ ಕೈ ತೊಳೆದು ಬಂದು ತೂತು ಹೊಡೆಯುವ ಉಳಿಯನ್ನು ನನ್ನ ಮುಂದೆ ಇಟ್ಟ.

"ಕಿಟಕಿ ಕೊರೆದೋಳು ನೀನು. ಎಲ್ಲಿ ತೂತು ಹೊಡೀಬಾರ್ದು ಅಂತ ನೀನೇ ಹೇಳು."

ಅದಕ್ಕಿಂತ ಅವನು ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಿತ್ತಲ ಬೇವಿನ ಮರಕ್ಕೆ ಬರುವ ಗಿಳಿಗಳನ್ನು ಅರ್ಧ ದಿನ ನೋಡುತ್ತ ಕೂತೆ. ತಪ್ಪಿದರೆ ತಾತನ ಗಿಳಿ ನನ್ನಿಂದ ಹೋಯಿತು, ಅಕ್ಕನ ಧಾರೆ ಸೀರೆಯಲ್ಲಿ ನನ್ನ ತಪ್ಪು ಜೀವಮಾನವಿಡೀ ಇರುತ್ತದೆ. ಕೊನೆಗೆ ಕೊಕ್ಕಿನಿಂದ ಸ್ವಲ್ಪ ಹಿಂದೆ, ಸ್ವಲ್ಪ ಮೇಲೆ ಬೆರಳಿಟ್ಟು ತೋರಿಸಿದೆ. ನಾಯ್ನ ಅಲ್ಲಿ ಎರಡು ತೂತು ಬಿಟ್ಟು ಹೊಡೆದ. ನೇಯ್ದ ಮೇಲೆ ನೋಡಿದರೆ, ಎಡಗಡೆ ನಿಂತು ಕರೆದರೆ ಮಾಮ ತಿರುಗಿ ನೋಡುತ್ತಾನಲ್ಲ, ಹಾಗೆ ಆ ಗಿಳಿ ಗಾಬರಿಯಲ್ಲಿ ನೋಡುತ್ತಿತ್ತು. ಅವ್ವ ಅಂಚನ್ನು ಕಣ್ಣಿಗೆ ಒತ್ತಿಕೊಂಡು, "ಇದೇ, ಇದೇ," ಅಂದಳು. ಅಕ್ಕನ ಮದುವೆ ಆಯಿತು. ಧಾರೆಯ ಹೊತ್ತಿನಲ್ಲಿ ಎಲ್ಲರೂ ಹುಡುಗಿಯ ಮುಖ ನೋಡಿದರೆ ನಾನು ಗಿಳಿಗಳನ್ನು ನೋಡುತ್ತಿದ್ದೆ. ಸರಿಯಾದ ಜಾಗವೋ ಅಲ್ಲವೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ನಾಯ್ನ ಒಂದು ದಿನ ಹೊಸ ರಟ್ಟು ತಂದು ನನ್ನ ಮುಂದೆ ಹಾಕಿದ. "ನಿಮ್ಮ ಮಾಮನ ಕಾರು ಬರಿದಾಗೈತೆ," ಅಂದ, ಅಷ್ಟೇ. ನಾನು ಮೈ ಕಟ್ಟಿದೆ, ಪರದೆ ಹೊಲಿದೆ. ಟ್ಯಾಂಕಿನ ಪಟ್ಟಿಯನ್ನು ನಾಯ್ನನೇ ಹೆಣೆದ, "ನಿನ್ನ ಗಂಟು ಒಂದು ವರ್ಷಕ್ಕೆ ಸಡಿಲ ಆಗ್ತೈತೆ" ಎನ್ನುತ್ತ. ಅದನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಮತ್ತೆ ಚಳ್ಳಕೆರೆ ಬಸ್ಸು ಹತ್ತಿದೆವು. ತಳಕಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಹತ್ತಿದರು. ನಾಯ್ನ ಎದ್ದು ಜಾಗ ಬಿಟ್ಟ. ಯಾರದೋ ಮನೆಯ ನಾಮಕರಣಕ್ಕೆ ಹೊರಟಿದ್ದರು, ಹಳೆಯ ರೇಷ್ಮೆ ಸೀರೆ ಉಟ್ಟಿದ್ದರು. ಕೂತಾಗ ಸೆರಗು ಹರಡಿ ನನ್ನ ಗಾಡಿಯ ಮೇಲೆ ಬಿತ್ತು. ಅಂಚಿನಲ್ಲಿ ಗಿಳಿ. ಅದೇ ಕೊಕ್ಕು, ಅದೇ ಕತ್ತು, ಅದೇ ರೆಕ್ಕೆ. ಕಂಬಿ ಹಿಡಿದು ನಿಂತಿದ್ದ ನಾಯ್ನನ ಅಂಗಿ ಎಳೆದೆ. ಅವನು ಬಗ್ಗಿದ.

"ತಾಯಿ, ಈ ಸೀರೆ ಎಲ್ಲಿದು?"

"ನನ್ನ ಧಾರೆ ಸೀರೆ ಕಣಪ್ಪ. ಮೊಳಕಾಲ್ಮುರಾಗೆ ನೇಯ್ಸಿದ್ದು. ಯಾಕಪ್ಪ?"

ನಾಯ್ನ ಇನ್ನಷ್ಟು ಬಗ್ಗಿದ. ಅವನ ಕಣ್ಣು ಗಿಳಿಯ ತಲೆಯ ಮೇಲೆ ನಿಂತಿತ್ತು. ನಾನೂ ನೋಡಿದೆ. ಒಂದನ್ನು ಬಿಟ್ಟು ಇನ್ನೊಂದು, ಇನ್ನೊಂದು ಬಿಟ್ಟು ಮತ್ತೊಂದು ನೋಡಿದೆ. ತಲೆಯ ತುಂಬ ಜರಿ, ಎಲ್ಲೂ ಖಾಲಿ ಚುಕ್ಕೆ ಇಲ್ಲ. ತಾತ ತನ್ನ ಗಿಳಿಗೆ ಕಣ್ಣನ್ನೇ ಇಟ್ಟಿರಲಿಲ್ಲ. ಅವ್ವ ಕೊಕ್ಕಿನ ಪಕ್ಕ ಕಂಡಿದ್ದ ಕಣ್ಣು, ನಾಯ್ನ ನೆತ್ತಿಯ ಹತ್ತಿರ ಕಂಡಿದ್ದ ಕಣ್ಣು, ಯಾವುದೂ ಇರಲಿಲ್ಲ. ನಾಯ್ನ ನಗತೊಡಗಿದ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಯಾಕಪ್ಪ ನಗ್ತೀಯಾ?" ಎಂದು ಆ ಹೆಂಗಸು ಸೆರಗು ಎಳೆದುಕೊಂಡರು.

"ಏನಿಲ್ಲ ತಾಯಿ. ನಮ್ಮಪ್ಪನ್ನ ನೋಡಿದಂಗಾಯ್ತು."

ನನಗೆ ನಗು ಬರಲಿಲ್ಲ. ಅಕ್ಕನ ಸೀರೆಯ ಅಷ್ಟೂ ಗಿಳಿಗಳು ನನ್ನನ್ನು ನೋಡುತ್ತಿದ್ದ ಹಾಗಾಯಿತು. ಚಳ್ಳಕೆರೆಯಲ್ಲಿ ಇಳಿದ ಮೇಲೆ, ಮಾಮನ ಹತ್ತಿರ ಹೋಗುವ ಮೊದಲೇ ಕೇಳಿಬಿಟ್ಟೆ.

"ಹಂಗಾರೆ ಹೊಸ ಕಾರ್ಡು ಹೊಡೆಯೋಣ ನಾಯ್ನಾ. ಕಣ್ಣು ತೆಗೆದುಬಿಡೋಣ."

ನಾಯ್ನ ನನ್ನ ಕೈಯಿಂದ ಗಾಡಿ ತೆಗೆದುಕೊಂಡು, ಪರದೆ ಸರಿಮಾಡಿ ಮತ್ತೆ ನನ್ನ ಕೈಗೇ ಕೊಟ್ಟ.

"ಕೊಟ್ಟ ಕಣ್ಣು ಯಾರಾದ್ರೂ ಕೀಳ್ತಾರೇನೇ, ಹುಚ್ಚಿ?"